ಸಿಸಿಟಿವಿ, ವಿಡಿಯೋ ಸಭೆಯ ಉಪಕರಣಗಳು ಮತ್ತು ನೆಟ್‌ವರ್ಕ್ ಸುರಕ್ಷತೆ

ಅಂಗಡಿ, ಗೋದಾಮು, ಕಾರ್ಖಾನೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇಂದು ತಕ್ಕಡಿಯಷ್ಟೇ ಸಾಮಾನ್ಯವಾದ ಸಾಧನ. ಹೆಚ್ಚು ಜನ ಸೇರುವ ವಾಣಿಜ್ಯ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ಚಿತ್ರಣವನ್ನು ಕಾದಿರಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯೇ ವಿಧಿಸುತ್ತದೆ. ಆದರೆ ಕಳ್ಳಕಾಕರಿಂದ ರಕ್ಷಣೆ ಪಡೆಯಲೆಂದು ಗೋಡೆಗೇರಿಸಿದ ಈ ಸಾಧನಕ್ಕೂ ರಕ್ಷಣೆ ಬೇಕೆಂಬ ಅಂಶ ಬಹುತೇಕ ವ್ಯಾಪಾರಸ್ಥರ ಗಮನಕ್ಕೆ ಬಂದಂತಿಲ್ಲ.

ಜಾಲಕ್ಕೆ ಜೋಡಿಸಿದ ಕ್ಯಾಮೆರಾ ಎಂದರೆ ಕಣ್ಣುಳ್ಳ ಒಂದು ಪುಟ್ಟ ಗಣಕಯಂತ್ರ. ಚಿತ್ರಣವನ್ನು ದಾಖಲಿಸುವ ಡಿವಿಆರ್ ಸಹ ಹಾಗೆಯೇ. ಇವು ಹಗಲಿರುಳು ಚಾಲನೆಯಲ್ಲಿರುತ್ತವೆ. ವೈರಸ್ ನಿರೋಧಕ ತಂತ್ರಾಂಶ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಳವಡಿಸಿದ ದಿನದ ನಂತರ ಇವುಗಳ ಒಳಗನ್ನು ಯಾರೂ ತೆರೆದು ನೋಡುವುದಿಲ್ಲ. ಕಿಡಿಗೇಡಿಗಳಿಗೆ ಇದಕ್ಕಿಂತ ಅನುಕೂಲವಾದ ಯಂತ್ರ ಮತ್ತೊಂದಿಲ್ಲ.

2016ರಲ್ಲಿ ಹರಡಿದ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಇದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಕಾರ್ಖಾನೆಯಲ್ಲಿಯೇ ನಿಗದಿಯಾಗಿರುವ ಸುಮಾರು 60 ಜೋಡಿ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸುವುದಷ್ಟೇ ಅದರ ವಿದ್ಯೆ. ಅಷ್ಟರಿಂದಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮತ್ತು ರೌಟರ್‌ಗಳು ಅದರ ವಶವಾದವು. ಅದೇ ವರ್ಷ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ಸಮೂಹವನ್ನು ಅಮೆರಿಕದ ಡೈನ್ ಎಂಬ ಅಂತರ್ಜಾಲ ಸೇವಾ ಕಂಪನಿಯ ಮೇಲೆ ಛೂ ಬಿಡಲಾಯಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಗಂಟೆಗಟ್ಟಲೆ ತೊಂದರೆಗೀಡಾದವು. ಸೋಂಕು ತಗುಲಿದ ಉಪಕರಣ ಸಾಮಾನ್ಯವಾಗಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಪರದೆಯ ಮೇಲೆ ಚಿತ್ರ ಎಂದಿನಂತೆ ಮೂಡುತ್ತಿರುವುದರಿಂದ ಮಾಲೀಕರಿಗೆ ಸುಳಿವೂ ಸಿಗದು.

ಚಿತ್ರಣವೇ ಸೋರಿಹೋದರೆ ಆಗುವ ಹಾನಿ ಬೇರೆ ಬಗೆಯದು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು. ಟೆಲಿಗ್ರಾಂ ಗುಂಪುಗಳಲ್ಲಿ ಅವುಗಳ ಮಾರಾಟವೂ ನಡೆಯಿತು. ಪೊಲೀಸರು ಹಲವರನ್ನು ಬಂಧಿಸಿದರು. ಆದರೆ ಚಿಕಿತ್ಸೆಗೆ ಬಂದಿದ್ದ ಮಹಿಳೆಯರ ಮಾನಕ್ಕೆ ಆದ ಧಕ್ಕೆಯನ್ನು ಯಾವ ಬಂಧನವೂ ಸರಿಪಡಿಸಲಾರದು. ಬಟ್ಟೆ ಅಂಗಡಿ, ಚಿನ್ನಾಭರಣ ಮಳಿಗೆ, ವಸತಿಗೃಹ ನಡೆಸುವವರು ಈ ಪ್ರಕರಣವನ್ನು ಪರರ ಕಥೆಯೆಂದು ಭಾವಿಸತಕ್ಕದ್ದಲ್ಲ.

ಒಳಗಿನ ಉಪಕರಣ ಹೊರಜಗತ್ತಿಗೆ ತೆರೆದುಕೊಳ್ಳುವ ಬಗೆ ಬಹಳ ಸರಳ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಅಂಗಡಿಯನ್ನು ನೋಡಬೇಕೆಂದು ಮಾಲೀಕರು ಬಯಸುತ್ತಾರೆ. ಅಳವಡಿಸಲು ಬಂದವರು ರೌಟರಿನಲ್ಲಿ ಒಂದು ಕಿಂಡಿಯನ್ನು ತೆರೆದು ಕೆಲಸ ಮುಗಿಸುತ್ತಾರೆ. ಆ ಕಿಂಡಿ ಮಾಲೀಕರಿಗಷ್ಟೇ ಅಲ್ಲ, ಅದನ್ನು ಹುಡುಕುವ ಎಲ್ಲರಿಗೂ ತೆರೆದಿರುತ್ತದೆ. ನೆನಪಿಗೆ ಸುಲಭವೆಂದು ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಡುವ ಅಳವಡಿಕೆದಾರರೂ ಉಂಟು. ಅಂಥ ಕಡೆ ಒಂದು ಅಂಗಡಿಯ ಗುಟ್ಟು ಬಯಲಾದರೆ ಬೀದಿಯೇ ಬಯಲಾದಂತೆ. ಮೇಲಾಗಿ, ಬಿಲ್ಲಿಂಗ್ ಗಣಕಯಂತ್ರ ಮತ್ತು ಕ್ಯಾಮೆರಾಗಳು ಒಂದೇ ಸ್ವಿಚ್ಚಿಗೆ ಜೋಡಣೆಯಾಗಿದ್ದರೆ ಕ್ಯಾಮೆರಾದ ಮೂಲಕ ನುಸುಳಿದವರಿಗೆ ಲೆಕ್ಕಪತ್ರಗಳ ದಾರಿಯೂ ಸುಗಮವಾಗುತ್ತದೆ.

ಸಭಾಕೊಠಡಿಯ ಉಪಕರಣಗಳೂ ಇದಕ್ಕೆ ಹೊರತಲ್ಲ. 2012ರಲ್ಲಿ ರ್‍ಯಾಪಿಡ್7 ಸಂಸ್ಥೆಯ ಸುರಕ್ಷತಾ ತಜ್ಞ ಎಚ್. ಡಿ. ಮೂರ್ ಅವರು ಅಂತರ್ಜಾಲದ ಒಂದು ಸಣ್ಣ ಭಾಗವನ್ನು ಶೋಧಿಸಿದಾಗ, ಬಂದ ಕರೆಯನ್ನು ತಾನಾಗಿಯೇ ಸ್ವೀಕರಿಸುವ ಸುಮಾರು 5,000 ವಿಡಿಯೋ ಸಭಾ ಉಪಕರಣಗಳು ಕಂಡುಬಂದವು. ಹೊರಗಿನವರು ಕರೆ ಮಾಡಿ ಕೊಠಡಿಯೊಳಗಿನ ಮಾತನ್ನು ಆಲಿಸಬಹುದಾಗಿತ್ತು. 2019ರಲ್ಲಿ ಪ್ರೊಜೆಕ್ಟರಿಗೆ ತಂತಿಯಿಲ್ಲದೆ ಚಿತ್ರ ರವಾನಿಸುವ ಪೆಟ್ಟಿಗೆಯೊಂದರಲ್ಲಿ ಪತ್ತೆಯಾದ ದೋಷಗಳು ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಹಲವು ಪೆಟ್ಟಿಗೆಗಳಲ್ಲಿಯೂ ಇದ್ದವು. ಒಳಗಿನ ತಂತ್ರಾಂಶದ ಮೂಲ ಒಂದೇ ಆಗಿತ್ತು. ಹೆಸರು ನೋಡಿ ಕೊಳ್ಳುವವರು ಇದನ್ನು ನೆನಪಿಡುವುದು ಒಳಿತು.

ಪರಿಹಾರಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಅಳವಡಿಕೆಯ ದಿನವೇ ಮಾಲೀಕರು ತಮ್ಮ ಕೈಯಾರೆ ಪಾಸ್‌ವರ್ಡ್ ಬದಲಿಸಬೇಕು. ಅಳವಡಿಸಿದವರ ಖಾತೆ ಉಳಿದಿದ್ದರೆ ಅಳಿಸಬೇಕು. ಕ್ಯಾಮೆರಾ ಮತ್ತು ಡಿವಿಆರ್‌ಗಳ ಜಾಲ ಬಿಲ್ಲಿಂಗ್ ಜಾಲದಿಂದ ಬೇರೆಯಾಗಿರಬೇಕು. ಸಣ್ಣ ಅಂಗಡಿಯಲ್ಲಿ ಪ್ರತ್ಯೇಕ ರೌಟರ್ ಮತ್ತು ಸಂಪರ್ಕವನ್ನೇ ಇಡಬಹುದು. ಕಾರ್ಖಾನೆಯಲ್ಲಿ ಒಂದೇ ಸ್ವಿಚ್ಚಿನೊಳಗೆ ವಿಎಲ್ಎಎನ್ ವಿಭಾಗಗಳನ್ನು ರಚಿಸಬಹುದು. ಹೊರಗಿನಿಂದ ವೀಕ್ಷಣೆ ಅಗತ್ಯವಿದ್ದಲ್ಲಿ ರೌಟರಿನ ಕಿಂಡಿಯನ್ನು ಮುಚ್ಚಿಸಿ ವಿಪಿಎನ್ ಮಾರ್ಗವನ್ನು ಬಳಸುವುದು ಲೇಸು. ಅಗತ್ಯವೇ ಇಲ್ಲದಿದ್ದಲ್ಲಿ ಅಂತರ್ಜಾಲ ಸಂಪರ್ಕವೇಕೆ? ಸಭಾಕೊಠಡಿಯಲ್ಲಿ ಕರೆಯನ್ನು ತಾನಾಗಿ ಸ್ವೀಕರಿಸುವ ಸೌಲಭ್ಯವನ್ನು ರದ್ದುಪಡಿಸಿ, ಸಭೆ ಮುಗಿದೊಡನೆ ಕ್ಯಾಮೆರಾದ ಮುಖ ಮುಚ್ಚುವ ರೂಢಿ ಬೆಳೆಯಬೇಕು.

ಖರೀದಿಯ ವೇಳೆ ಕಾನೂನಿನ ನೆರವೂ ಇದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಹೊರಡಿಸಿದ ನಿಯಮಗಳ ಪ್ರಕಾರ, 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳು ನಿಗದಿತ ಸುರಕ್ಷತಾ ಪರೀಕ್ಷೆಗೆ ಒಳಪಡುವುದು ಕಡ್ಡಾಯ. ಹಳೆಯ ದಾಸ್ತಾನನ್ನು ಅಗ್ಗದ ಬೆಲೆಗೆ ಕೊಡುವವರಿದ್ದಾರೆ. ಪರೀಕ್ಷೆಯ ಪ್ರಮಾಣಪತ್ರ ಕೇಳುವುದು ಗ್ರಾಹಕರ ಹಕ್ಕು. ಆದರೆ ಪ್ರಮಾಣಪತ್ರವುಳ್ಳ ಕ್ಯಾಮೆರಾಕ್ಕೂ ದುರ್ಬಲ ಪಾಸ್‌ವರ್ಡ್ ಇಟ್ಟರೆ ಪ್ರಯೋಜನವಿಲ್ಲ. ಅಕ್ರಮ ಪ್ರವೇಶ ನಡೆದದ್ದು ಗಮನಕ್ಕೆ ಬಂದರೆ, ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು 6 ಗಂಟೆಗಳೊಳಗೆ ವರದಿ ಸಲ್ಲಿಸಬೇಕು. ಸಣ್ಣ ಉದ್ದಿಮೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಹಳೆಯ ಡಿವಿಆರನ್ನು ವಿನಿಮಯಕ್ಕೆ ಕೊಡುವಾಗ ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿ ಉಳಿಸಿಕೊಳ್ಳಬೇಕು. ಮೊಬೈಲ್ ಆ್ಯಪ್‌ನಲ್ಲಿರುವ ಅದರ ನೋಂದಣಿಯನ್ನೂ ಅಂದೇ ತೆಗೆದುಹಾಕಬೇಕು.