14,000 ಅಡಿ ಎತ್ತರದಲ್ಲಿ ‘ಹೀರೋ’ ತೂರಾಡಿದ ರಾತ್ರಿ!

ಪರದೆಯ ಮೇಲೆ ಹಿಮಾಲಯ ಎಂದರೆ ಎಷ್ಟು ಸಲೀಸು ನೋಡಿ! ನಾಯಕ ಕಪ್ಪು ಕನ್ನಡಕ ಏರಿಸುತ್ತಾನೆ. ಒಂದೇ ಕಿಕ್ಕಿಗೆ ಗಾಡಿ ‘ಡುಗು ಡುಗು’ ಅನ್ನುತ್ತದೆ. ಹಿನ್ನೆಲೆಯಲ್ಲಿ ಗಿಟಾರು. ಮುಂದಿನ ಷಾಟಿನಲ್ಲಿ ಹಿಮದ ಬೆಟ್ಟ! ನಡುವಿನ ದಾರಿಯನ್ನು ಎಡಿಟರ್ ಮಹಾಶಯರು ಕತ್ತರಿಸಿ ಬಿಸಾಕಿರುತ್ತಾರೆ. ಹಾಗೆ ಬಿಸಾಕಿದ ರೀಲಿನೊಳಗೆ ಏನಿರುತ್ತದೆ ಅಂತ ನಾನು ನೋಡಿ ಬಂದಿದ್ದೇನೆ. ಅದನ್ನೇ ನಿಮಗೆ ಹೇಳಬೇಕು.

2022ರ ಜೂನ್ ತಿಂಗಳು. ‘777 ಚಾರ್ಲಿ’ ಬಿಡುಗಡೆಯಾಗಿತ್ತು. ರಕ್ಷಿತ್ ಶೆಟ್ಟಿ ತನ್ನ ನಾಯಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಉತ್ತರಕ್ಕೆ ಹೊರಡುವ ಚಿತ್ರ. ಪಕ್ಕದ ಸೀಟಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡಿದ್ದ ನನ್ನ ಗೆಳೆಯ ಥಿಯೇಟರಿನಿಂದ ಹೊರಗೆ ಬಂದವನೇ, “ಮಗಾ, ನಾವೂ ಹೋಗೋಣ ಕಣೋ. ಲಡಾಖ್!” ಅಂದ.

ಕಾಲೇಜಿನಿಂದಲೂ ಅವನಿಗೆ ‘ಹೀರೋ’ ಅಂತಲೇ ಹೆಸರು. ಅಗಲವಾದ ಎದೆ, ಹುರಿ ಮೀಸೆ, ದಿನಾ ಬೆಳಿಗ್ಗೆ ನೂರು ದಂಡ. ಅವರಪ್ಪ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ಅಣ್ಣಾವ್ರು ಮೋಟಾರ್ ಸೈಕಲ್ ಓಡಿಸಿದ್ದನ್ನು ನೋಡಿ, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಕೊಂಡಿದ್ದವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಹುಚ್ಚು ಮಾತ್ರ ಮಗನಿಗೆ ಇಳಿದು ಬಂತು! ಈಗ ಹೀರೋ ಹತ್ತಿರ ಇರುವುದು ಕಾರ್ಬುರೇಟರಿನ ಹಳೇ ಬುಲೆಟ್ಟು. ನನ್ನದು ಇಂಜೆಕ್ಷನ್ ಇರುವ ಹೊಸ ಗಾಡಿ.

ಪ್ಲಾನು ಭಾರಿ ಜೋರಾಗಿತ್ತು. ಮೊದಲು ಖರ್ದುಂಗ್ ಲಾ (ಆ ಕಡೆ ‘ಲಾ’ ಎಂದರೆ ಕಣಿವೆ ದಾರಿ). ಆಮೇಲೆ 19,024 ಅಡಿಯ ಉಮ್ಲಿಂಗ್ ಲಾ. ಗಡಿ ರಸ್ತೆ ಸಂಸ್ಥೆಯವರು ಅಲ್ಲಿ ಡಾಂಬರು ಹಾಕಿ 2021ರಲ್ಲಿ ಗಿನ್ನೆಸ್ ದಾಖಲೆ ಪಡೆದಿದ್ದರು. ಬೋರ್ಡಿನ ಮುಂದೆ ನಿಂತು ಒಂದು ಫೋಟೋ! ನಮಗೆ ಬೇಕಾಗಿದ್ದದ್ದು ಅಷ್ಟೇ. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿಸಿ ಗಾಡಿಗಳನ್ನು ರೈಲಿನಲ್ಲಿ ಚಂಡೀಗಢಕ್ಕೆ ಹಾಕಿ, ಆಗಸ್ಟಿನಲ್ಲಿ ಮನಾಲಿ ಸೇರಿದೆವು.

ದಾರಿ ಚೆನ್ನಾಗಿದ್ದದ್ದೇ ತಪ್ಪಾಯಿತು!

ಮನಾಲಿಯಿಂದ ಲೇಹ್‌ಗೆ ಹಿಂದೆ ಹೋಗುತ್ತಿದ್ದವರು 13,050 ಅಡಿಯ ರೋಹ್ತಾಂಗ್ ಹತ್ತಿ ಇಳಿಯಬೇಕಿತ್ತು. ಕೆಸರು, ಲಾರಿ ಸಾಲು, ಟ್ರಾಫಿಕ್ ಜಾಮು. ಕೇಲಾಂಗ್ ಮುಟ್ಟುವಷ್ಟರಲ್ಲಿ ಸಂಜೆ. ಸುಸ್ತಾಗಿ ಅಲ್ಲೇ ಮಲಗುತ್ತಿದ್ದರು. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು, ದಾರಿ 46 ಕಿಲೋಮೀಟರ್ ಕಡಿಮೆಯಾಯಿತು. ಬೆಳಿಗ್ಗೆ ಮನಾಲಿಯಲ್ಲಿ ಪರಾಠಾ ತಿಂದವನು ಸಂಜೆ ಸರ್ಚುವಿನಲ್ಲಿ ಟೀ ಕುಡಿಯಬಹುದು!

ಆದರೆ ಲೆಕ್ಕ ನೋಡಿ. ಮನಾಲಿ 6,700 ಅಡಿ. ಸರ್ಚು 14,000 ಅಡಿ. ಒಂದೇ ಹಗಲಿನಲ್ಲಿ ಏಳು ಸಾವಿರ ಅಡಿಗೂ ಮೇಲೆ. ಸುರಂಗ ಬಂದು ರಸ್ತೆ ಸಲೀಸಾಯಿತು, ನಿಜ. ನಮ್ಮ ಎದೆಗೂಡಿಗೆ ಅಂಥ ಸುರಂಗವನ್ನು ಯಾರೂ ಕೊರೆದಿಲ್ಲವಲ್ಲ!

ತಾಂಡಿಯಲ್ಲಿ ಚಂದ್ರಾ, ಭಾಗಾ ನದಿಗಳು ಸೇರುತ್ತವೆ. ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ದೂರ ಎಂದು ಹೆದರಿಸುತ್ತಿದ್ದ ಬೋರ್ಡಿಗೆ ಆ ಊರು ಪ್ರಸಿದ್ಧ. ಕ್ಯಾನುಗಳನ್ನೂ ತುಂಬಿಸಿಕೊಂಡೆವು. 10,500 ಅಡಿಯ ಜಿಸ್ಪಾದಲ್ಲಿ ಟೀ ಅಂಗಡಿಯ ಅಜ್ಜಿ ನಮ್ಮ ಮುಖ ನೋಡಿ, ಇವತ್ತು ಇಲ್ಲೇ ಉಳಿದುಕೊಳ್ಳಿ ಮಕ್ಕಳೇ ಎಂದು ಹಿಂದಿಯಲ್ಲಿ ಹೇಳಿದಳು. ಹೀರೋ ನಕ್ಕ. “ಅಜ್ಜಿ ರೂಮು ಬಾಡಿಗೆಗೆ ಕೊಡ್ತಾರೆ ಅನ್ಸುತ್ತೆ ಮಗಾ.” ನಾನೂ ನಕ್ಕೆ.

ಮಧ್ಯಾಹ್ನ ನಾಲಾಗಳು ಶುರುವಾದವು. ಬಿಸಿಲೇರಿದಂತೆ ಮೇಲೆ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ನುಗ್ಗುತ್ತದೆ. ಅದಕ್ಕೇ ತಿಳಿದವರು ಬೆಳಗಿನ ಜಾವವೇ ದಾಟಿಬಿಡುತ್ತಾರೆ. ನಾವು ಮೂರು ಗಂಟೆಗೆ ದಾಟಿದೆವು. ಮೊಣಕಾಲುದ್ದ ನೀರು, ಅಡಿಯಲ್ಲಿ ಉರುಳುವ ಕಲ್ಲು, ಬೂಟಿನೊಳಗೆ ಐಸು!

16,000 ಅಡಿಯ ಬಾರಾಲಾಚಾ ಹತ್ತುವಾಗ ಹೀರೋನ ಬುಲೆಟ್ಟು ಕಪ್ಪು ಹೊಗೆ ಕಾರತೊಡಗಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಎಳೆಯುವುದಿಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರ್ ಮಾತ್ರ ಊರಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಪೂರ್ತಿ ಉರಿಯದೆ ಹೊಗೆ, ಪ್ಲಗ್ಗಿನ ಮೇಲೆ ಮಸಿ. ನನ್ನ ಗಾಡಿ ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಂಡಿತು, ಆದರೆ ಶಕ್ತಿ ಅದರದ್ದೂ ಕುಗ್ಗಿತ್ತು. ‘ಉಸಿರು ಸಾಲ್ತಿಲ್ಲ ಸ್ವಾಮಿ’ ಅಂತ ಗಾಡಿಗಳು ಬಾಯಿಬಿಟ್ಟು ಹೇಳುತ್ತಿದ್ದವು. ಸವಾರರಿಗೆ ಕೇಳಿಸಲಿಲ್ಲ.

ನನ್ನ ಹೆಸರೇ ಮರೆತ!

ಸರ್ಚು ಎಂದರೆ ಊರಲ್ಲ. ಹಿಮಾಚಲ ಮುಗಿದು ಲಡಾಖ್ ಶುರುವಾಗುವ ಕಡೆ ಬಯಲಿನಲ್ಲಿ ಒಂದಷ್ಟು ಟೆಂಟುಗಳು, ಅಷ್ಟೇ. ಅಲ್ಲಿ ಎಳೆದುಕೊಳ್ಳುವ ಒಂದೊಂದು ಉಸಿರಿನಲ್ಲೂ ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಹತ್ತರಲ್ಲಿ ಆರು ಪಾಲು ಮಾತ್ರ. ಹೀರೋ ತಲೆ ಹಿಡಿದುಕೊಂಡು ಕೂತ. ಊಟ ಬೇಡ ಅಂದ. ಎರಡು ಸಲ ವಾಂತಿ ಮಾಡಿಕೊಂಡ. “ಏನಿಲ್ಲ ಕಣೋ, ಚಳಿಗೆ...” ಅಂತ ಮಲಗಿದ.

ರಾತ್ರಿ ಹನ್ನೊಂದರ ಹೊತ್ತಿಗೆ ಎಬ್ಬಿಸಿದೆ. ಮಾತು ತೊದಲುತ್ತಿತ್ತು. ನನ್ನ ಹೆಸರು ಕೇಳಿದರೆ ಸುಮ್ಮನೆ ನೋಡಿದ. ಹನ್ನೆರಡು ವರ್ಷದ ಗೆಳೆಯ, ನನ್ನ ಹೆಸರೇ ಮರೆತ!

ಪಕ್ಕದ ಟೆಂಟಿನಲ್ಲಿ ಲಾಹೌಲ್ ಕಡೆಯ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದ. ಟಾರ್ಚು ಹಿಡಿದು ಬಂದವನು ಹೀರೋನನ್ನು ನಿಲ್ಲಿಸಿ, ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡಿ ಅಂದ. ನಾಲ್ಕು ಹೆಜ್ಜೆ. ಒಂದು ಹನಿ ಕುಡಿಯದ ಹುಡುಗ ಕಳ್ಳಂಗಡಿಯಿಂದ ಬಂದವನ ಹಾಗೆ ತೂರಾಡಿ ಕೆಳಕ್ಕೆ ಬಿದ್ದ.

ಡ್ರೈವರ್ ಮುಖ ಬದಲಾಯಿತು. ಈಗಲೇ ಕೆಳಗೆ ಇಳಿಸಬೇಕು ಅಂದ.

ಓದುಗರೇ, ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಖರ್ದುಂಗ್ ಲಾ ಬೋರ್ಡು. ಹದಿನೈದು ದಿನದ ರಜೆ, ರೈಲಿಗೆ ಸುರಿದ ದುಡ್ಡು. “ಒಂದು ಮಾತ್ರೆ ಕೊಟ್ಟು ಮಲಗಿಸಿದರೆ ಬೆಳಿಗ್ಗೆ ಸರಿಹೋಗ್ತಾನೆ” ಅಂದೆ. ಅವನು ನನ್ನನ್ನೇ ದಿಟ್ಟಿಸಿ, ಮಲಗಿದರೆ ಏಳದೇ ಹೋಗಬಹುದು, ಭಾಯ್ ಅಂದ.

ಸರ್ಚು ಒಂದು ಇಲಿಬೋನು. ಲೇಹ್ ಕಡೆಗೆ ಹೋಗೋಣವೆಂದರೆ ಗಾಟಾದ 21 ತಿರುವು ಹತ್ತಿ 16,600 ಅಡಿಯ ಲಾಚುಂಗ್ ಲಾ ದಾಟಬೇಕು. ದಾಟಿದರೂ ಸಿಗುವ ಪಾಂಗ್ ಸರ್ಚುವಿಗಿಂತ ಎತ್ತರ! ಹಿಂದಕ್ಕೆ ಹೋದರೆ ಬಾರಾಲಾಚಾ. ಕೆಳಗೆ ಇಳಿಯಬೇಕಾದರೂ ಮೊದಲು ಮೇಲೆ ಹತ್ತಲೇಬೇಕು. ಆದರೆ ಬಾರಾಲಾಚಾ ದಾಟಿದರೆ ಆಮೇಲೆ ಬರೀ ಇಳಿಜಾರು.

ಗಾಡಿಗಳನ್ನು ಟೆಂಟಿನವರ ಹತ್ತಿರ ಬಿಟ್ಟು, ಆಮ್ಲಜನಕದ ಸಣ್ಣ ಸಿಲಿಂಡರ್ ಹಿಡಿದು ಟ್ಯಾಕ್ಸಿ ಹತ್ತಿದೆವು. ಹೀರೋನ ತಲೆ ನನ್ನ ತೊಡೆಯ ಮೇಲೆ. ಬಾರಾಲಾಚಾ ನೆತ್ತಿಯಲ್ಲಿ ಅವನು ಗೊರಗೊರ ಎಂದಾಗ ನನ್ನ ಉಸಿರೇ ನಿಂತ ಹಾಗಾಯಿತು. ನಾಲಾದಲ್ಲಿ ಹಗಲು ಮೊಣಕಾಲುದ್ದ ಹರಿದಿದ್ದ ನೀರು ರಾತ್ರಿಯ ಚಳಿಗೆ ಇಳಿದು ಪಾದ ಮುಳುಗುವಷ್ಟಾಗಿತ್ತು. ಅದೊಂದೇ ಪುಣ್ಯ.

ಜಿಸ್ಪಾ ಹತ್ತಿರ ಬೆಳಕು ಹರಿಯಿತು. ಹೀರೋ ಕಣ್ಣು ಬಿಟ್ಟು, “ಟೀ ಸಿಗುತ್ತೇನೋ?” ಅಂದ. ಆಮೇಲೆ ನನ್ನ ಹೆಸರು ಹಿಡಿದು ಬೈದ. ಅಷ್ಟು ಇಂಪಾದ ಬೈಗುಳ ನಾನು ಇವತ್ತಿನವರೆಗೂ ಕೇಳಿಲ್ಲ!

ಡಾಕ್ಟರು ಹೇಳಿದ ಡೈಲಾಗು

ಕೇಲಾಂಗ್ ಆಸ್ಪತ್ರೆಯ ಡಾಕ್ಟರು ಆಮ್ಲಜನಕ, ಇಂಜೆಕ್ಷನ್ ಕೊಟ್ಟು ನಮ್ಮಿಬ್ಬರಿಗೂ ಪಾಠ ಮಾಡಿದರು. ಮೆದುಳು ಊದಿಕೊಳ್ಳಲು ಶುರುವಾಗಿತ್ತಂತೆ. ಈ ಕಾಯಿಲೆ ದಂಡ ಹೊಡೆದವನು, ಹೊಡೆಯದವನು ಅಂತ ನೋಡುವುದಿಲ್ಲ. ಗಟ್ಟಿಮುಟ್ಟಾದವನೇ ಆತುರಪಟ್ಟು ಮೇಲೆ ಹತ್ತಿ ಸಿಕ್ಕಿಬೀಳುತ್ತಾನೆ.

ಹೋಗುವ ಆಸೆ ಇರುವವರು ಇಷ್ಟು ನೆನಪಿಟ್ಟುಕೊಳ್ಳಿ. ಹತ್ತು ಸಾವಿರ ಅಡಿ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 1,600 ಅಡಿಗಿಂತ ಹೆಚ್ಚು ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ. ತಲೆನೋವು ಬಂತೋ, ಅದು ಹೋಗುವವರೆಗೆ ಮೇಲೆ ಹತ್ತಬಾರದು. ಜಾಸ್ತಿಯಾಯಿತೋ, ಕೆಳಗೆ ಇಳಿಯಬೇಕು, ರಾತ್ರಿಯಾದರೂ ಸರಿ. ಗುಂಡು ಹಾಕುವುದಂತೂ ಬೇಡವೇ ಬೇಡ. ಡಯಾಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳದೆ ನುಂಗಬೇಡಿ. ನಮ್ಮ ಸೈನಿಕರನ್ನೂ ಮೇಲಿನ ಠಾಣೆಗೆ ಕಳಿಸುವ ಮುಂಚೆ ದಿನಗಟ್ಟಲೆ ನಿಲ್ಲಿಸಿ ಆ ಹವೆಗೆ ಒಗ್ಗಿಸುತ್ತಾರೆ. ನಾವು ಯಾವ ಸೀಮೆ ಶೂರರು?

ಎರಡನೇ ಷೋ

2023ರ ಜುಲೈನಲ್ಲಿ ಮತ್ತೆ ಹೋದೆವು, ಈ ಸಲ ಶ್ರೀನಗರದ ಕಡೆಯಿಂದ. ಅಲ್ಲಿ ಹತ್ತುವುದು ಮೆಲ್ಲಗೆ. 5,200 ಅಡಿಯಿಂದ ಹೊರಟು ಜೋಜಿ ಲಾ ದಾಟಿದರೂ ಮಲಗುವ ಕಾರ್ಗಿಲ್ 8,800 ಅಡಿ. ಮಾರನೇ ದಿನ 13,479 ಅಡಿಯ ಫೋಟು ಲಾ ಹತ್ತಿದರೂ ಮತ್ತೆ ಇಳಿಯುವುದು 11,500 ಅಡಿಯ ಲೇಹ್‌ಗೆ. ಅಲ್ಲಿ ಎರಡು ದಿನ ಮಲಗಿ, ತಿಂದು, ನೀರು ಕುಡಿದೆವು. ಮೂರನೇ ದಿನ ಖರ್ದುಂಗ್ ಲಾ! ಅಲ್ಲಿನ ಬೋರ್ಡು ಬಹುಕಾಲ 18,380 ಅಡಿ ಎನ್ನುತ್ತಿತ್ತು. ಅಳೆದವರ ಲೆಕ್ಕ 17,582. ಬೆಟ್ಟಕ್ಕೂ ಸಿನಿಮಾ ಪಬ್ಲಿಸಿಟಿ!

ಸೌತ್ ಪುಲ್ಲು ಚೆಕ್‌ಪೋಸ್ಟಿನಲ್ಲಿ ಟೀ ಕುಡಿಯುವಾಗ ತಲೆ ಸಿಡಿಯತೊಡಗಿತು. ಈ ಸಲ ನನ್ನ ತಲೆ! ಬೋರ್ಡಿಗೆ ಇನ್ನು ಹದಿನೈದೇ ಕಿಲೋಮೀಟರ್. ನಾನು ಸುಮ್ಮನಿದ್ದೆ. ಹೀರೋ ಗ್ಲಾಸು ಕೆಳಗಿಟ್ಟು ನನ್ನ ಮುಖ ನೋಡಿದ.

“ತಲೆ ನೋಯ್ತಿದ್ಯಾ?”

“ಸ್ವಲ್ಪ... ಏನಿಲ್ಲ ಕಣೋ.”

“ಹೋದ ವರ್ಷ ನಾನೂ ಹಿಂಗೇ ಅಂದಿದ್ದೆ. ಎದ್ದೇಳು.”

ಗಾಡಿ ತಿರುಗಿಸಿದ. ಮೇಲಕ್ಕೆ ಒಂದು ಸಲವೂ ತಿರುಗಿ ನೋಡಲಿಲ್ಲ.

ನನ್ನ ಹತ್ತಿರ ಖರ್ದುಂಗ್ ಲಾ ಬೋರ್ಡಿನ ಫೋಟೋ ಇಲ್ಲ. ಸೌತ್ ಪುಲ್ಲುವಿನ ಟೀ ಅಂಗಡಿ ಮುಂದೆ ಹೆಲ್ಮೆಟ್ ಹಿಡಿದು, ಹಲ್ಲು ಬಿಟ್ಟುಕೊಂಡು ನಿಂತ ಗೆಳೆಯನ ಫೋಟೋ ಇದೆ. ಮೊದಲು ತಮಾಷೆಗೆ ಹೀರೋ ಅನ್ನುತ್ತಿದ್ದೆ. ಈಗ ತಮಾಷೆಗಲ್ಲ.