ಟ್ರಿಗರ್ ಒತ್ತಿದರೆ ಬರೀ ‘ಟಿಕ್’: ರೈಫಲ್ ಜಾಮ್ ಆಗೋದು ಯಾಕೆ, ಬಿಡಿಸೋದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.

ಸಿನಿಮಾದಲ್ಲಿ ಹೀರೋ ಕೈಲಿರೋ ಬಂದೂಕು ಎಂದಾದ್ರೂ ಕೆಟ್ಟು ನಿಂತಿದ್ದು ನೋಡಿದ್ದೀರಾ? ನಿಂತರೂ ವಿಲನ್‌ದು ನಿಲ್ಲುತ್ತೆ, ಅದೂ ಕ್ಲೈಮ್ಯಾಕ್ಸ್‌ನಲ್ಲಿ. ನಿಜವಾದ ರೈಫಲ್‌ಗೆ ಹೀರೋ ಯಾರು, ವಿಲನ್ ಯಾರು ಅಂತ ಗೊತ್ತಾಗೋದಿಲ್ಲ. ಧೂಳು ಹೊಕ್ಕರೆ, ಸ್ಪ್ರಿಂಗ್ ಸೋತರೆ, ಮ್ಯಾಗಜಿನ್ ಸರಿಯಾಗಿ ಕೂರದಿದ್ರೆ ಅದು ನಿಲ್ಲುತ್ತೆ.

ಎನ್‌ಸಿಸಿ ಕೆಡೆಟ್‌ಗಳು, ಪೊಲೀಸ್ ಅಥವಾ ಸೇನೆಗೆ ತಯಾರಿ ಮಾಡ್ತಿರೋರು ನಮ್ಮ ಕೇಳುಗರಲ್ಲಿ ತುಂಬ ಜನ ಇದ್ದೀರಿ. ಹಾಗಾಗಿ ಇವತ್ತಿನ ವಿಷಯ ಇದು: ಸೆಮಿ ಆಟೋಮ್ಯಾಟಿಕ್ ರೈಫಲ್‌ನಲ್ಲಿ ಗುಂಡು ಒಳಗೆ ಹೋಗದೆ ಸಿಕ್ಕಿಹಾಕಿಕೊಳ್ಳೋದು ಯಾಕೆ? ಎಲ್ಲಿ ಸಿಕ್ಕಿದೆ ಅಂತ ತಿಳ್ಕೊಳ್ಳೋದು ಹೇಗೆ? ಅಪಾಯವಿಲ್ಲದೆ ಬಿಡಿಸೋದು ಹೇಗೆ?

ಮೊದಲೇ ಒಂದು ಮಾತು. ಸೇನೆಯ ತೋಟಾ ಹಾರಿಸುವಂಥ 7.62 ಎಂಎಂ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು ನಮ್ಮ ದೇಶದ ಕಾನೂನಿನಲ್ಲಿ ನಿಷೇಧಿತ ಆಯುಧಗಳ ಪಟ್ಟಿಯಲ್ಲಿವೆ. ಹಾಗಾಗಿ ಇದು ಮನೆಯಲ್ಲಿ ಕೂತು ಮಾಡಿ ನೋಡೋ ಕೆಲಸ ಅಲ್ಲ. ರೇಂಜ್‌ನಲ್ಲಿ, ಉಸ್ತಾದರ ಕಣ್ಣೆದುರು ಮಾಡೋ ಕೆಲಸ.

ಮೊದಲು ಯಂತ್ರ ಅರ್ಥವಾಗಲಿ

ಉದಾಹರಣೆಗೆ ನಮ್ಮದೇ ಎಸ್‌ಎಲ್‌ಆರ್ ತಗೊಳ್ಳೋಣ. ಸೆಲ್ಫ್ ಲೋಡಿಂಗ್ ರೈಫಲ್, ಅಂದ್ರೆ ತಾನೇ ತೋಟಾ ತುಂಬಿಕೊಳ್ಳೋ ರೈಫಲ್. ಮೂಲ ವಿನ್ಯಾಸ ಬೆಲ್ಜಿಯಂನ ಎಫ್‌ಎನ್ ಕಂಪನಿಯದು. ಭಾರತದಲ್ಲಿ ಇದನ್ನು ಪಶ್ಚಿಮ ಬಂಗಾಳದ ಇಶಾಪುರ್ ಕಾರ್ಖಾನೆಯಲ್ಲಿ ಮಾಡಿದರು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಲಿ ಇದ್ದದ್ದು .303 ರೈಫಲ್. ಅದರಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೀಬೇಕು. ಆ ಯುದ್ಧದ ನಂತರ ಎಸ್‌ಎಲ್‌ಆರ್ ಬಂತು. ಮ್ಯಾಗಜಿನ್‌ನಲ್ಲಿ 20 ತೋಟಾ, ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು.

ಕೊಡಗಿನ ಮನೆಗಳಲ್ಲಿರೋ ಡಬಲ್ ಬ್ಯಾರಲ್ ಕೋವಿ ನೋಡಿದ್ದರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತೆ. ಕೋವಿಯನ್ನು ಮಡಚಿ, ತೋಟಾವನ್ನು ಕೈಯಿಂದಲೇ ಇಡ್ತೀವಿ, ಕೈಯಿಂದಲೇ ತೆಗೀತೀವಿ. ಅಲ್ಲಿ ಫೀಡಿಂಗ್ ಅನ್ನೋ ತಾಪತ್ರಯವೇ ಇಲ್ಲ. ಎಸ್‌ಎಲ್‌ಆರ್‌ನಲ್ಲಿ ಆ ಕೈಯ ಕೆಲಸವನ್ನೆಲ್ಲ ಹೊಗೆ ಮತ್ತು ಸ್ಪ್ರಿಂಗ್ ಮಾಡ್ತವೆ.

ಹೇಗೆ? ಮದ್ದು ಉರಿದಾಗ ಗುಂಡು ಬ್ಯಾರಲ್‌ನಲ್ಲಿ ಮುಂದೆ ಓಡುತ್ತೆ. ಬ್ಯಾರಲ್‌ನ ಮೇಲೊಂದು ಸಣ್ಣ ತೂತು ಇದೆ. ಗುಂಡು ಅದನ್ನು ದಾಟಿದ ತಕ್ಷಣ ಹಿಂದಿನ ಅನಿಲ ಆ ತೂತಿನಿಂದ ನುಗ್ಗಿ ಪಿಸ್ಟನ್‌ಗೆ ಬಡಿಯುತ್ತೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತೆ. ಹಿಂದೆ ಹೋಗ್ತಾ ಬೋಲ್ಟ್ ಖಾಲಿ ಕೇಸನ್ನು ಚೇಂಬರಿನಿಂದ ಕಿತ್ತು ಹೊರಗೆ ಎಸೆಯುತ್ತೆ. ಆಮೇಲೆ ಸ್ಪ್ರಿಂಗ್ ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುತ್ತೆ. ಮುಂದೆ ಬರ್ತಾ ಅದು ಮ್ಯಾಗಜಿನ್ ಬಾಯಲ್ಲಿ ಕಾಯ್ತಿರೋ ತೋಟಾದ ಬೆನ್ನಿಗೆ ತಗುಲಿ, ಅದನ್ನು ಚೇಂಬರಿಗೆ ನೂಕಿ, ಬಾಗಿಲು ಹಾಕಿದ ಹಾಗೆ ಬೀಗ ಬೀಳುತ್ತೆ.

ಇಷ್ಟೆಲ್ಲ ಆಗೋದು ಕಣ್ಣು ಮಿಟುಕಿಸೋದರೊಳಗೆ. ಈ ಸರಪಳಿಯಲ್ಲಿ ಯಾವ ಕೊಂಡಿ ತಪ್ಪಿದರೂ ನಮಗೆ ಕಾಣೋದು ಒಂದೇ: ರೈಫಲ್ ನಿಂತಿತು. ಅದಕ್ಕೇ ನಾವು ಎಲ್ಲದಕ್ಕೂ ‘ಜಾಮ್’ ಅಂತ ಒಂದೇ ಹೆಸರಿಡ್ತೀವಿ. ಆದ್ರೆ ಜಾಮ್ ಅನ್ನೋದು ಜ್ವರ ಇದ್ದ ಹಾಗೆ. ಜ್ವರ ಅಂದರೆ ಡಾಕ್ಟರ್ ಔಷಧಿ ಕೊಡೋದಿಲ್ಲ, ಯಾವ ಜ್ವರ ಅಂತ ನೋಡ್ತಾರೆ.

ಎಳೆಯೋ ಮೊದಲು ನೋಡಿ

ರೈಫಲ್ ನಿಂತ ತಕ್ಷಣ ಕೈ ತಾನಾಗಿ ಕಾಕಿಂಗ್ ಹ್ಯಾಂಡಲ್ ಕಡೆ ಹೋಗುತ್ತೆ. ರೇಂಜ್‌ನಲ್ಲಿ ಅದಕ್ಕೂ ಮೊದಲು ಮಾಡಬೇಕಾದ ಮೂರು ಕೆಲಸ ಇದೆ. ಬ್ಯಾರಲ್ ಬಾಯಿ ಟಾರ್ಗೆಟ್ ಕಡೆಯೇ ಇರಲಿ, ಪಕ್ಕದವರ ಕಡೆ ಒಂದಿಂಚೂ ತಿರುಗಬಾರದು. ಬೆರಳು ಟ್ರಿಗರ್‌ನಿಂದ ಹೊರಗೆ. ಎಡಗೈ ಎತ್ತಿ ಉಸ್ತಾದರಿಗೆ ಸೂಚನೆ. ಏನು ತೊಂದರೆ ಅಂತ ತೋರಿಸೋಕೆ ರೈಫಲ್ ಸಮೇತ ಹಿಂದಕ್ಕೆ ತಿರುಗೋರು ಇರ್ತಾರೆ. ರೇಂಜ್‌ನಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇಲ್ಲ.

ಆಮೇಲೆ ನೆನಪಿಸಿಕೊಳ್ಳಿ, ಕೊನೆಗೆ ಯಾವ ಸದ್ದು ಕೇಳಿಸಿತು?

‘ಟಿಕ್’ ಅಂತ ಬಂದು ಗುಂಡು ಹಾರದಿದ್ರೆ ಎರಡು ಸಾಧ್ಯತೆ. ಒಂದು, ಚೇಂಬರ್ ಖಾಲಿ ಇದೆ. ಎರಡು, ತೋಟಾ ಒಳಗಿದೆ, ಮದ್ದು ಹೊತ್ತಿಕೊಂಡಿಲ್ಲ. ಈ ಎರಡನೆಯದರಲ್ಲಿ ಅಪರೂಪಕ್ಕೆ ಮದ್ದು ತಡವಾಗಿ ಹೊತ್ತಿಕೊಳ್ಳೋದೂ ಉಂಟು. ಆ ಕ್ಷಣದಲ್ಲಿ ನೀವು ಬೋಲ್ಟ್ ತೆರೆದಿದ್ರೆ ಸ್ಫೋಟ ನಿಮ್ಮ ಮುಖದ ಹತ್ತಿರ. ಅದಕ್ಕೇ ರೇಂಜ್‌ನಲ್ಲಿ ಕನಿಷ್ಠ 30 ಸೆಕೆಂಡ್, ಬಾಯಿ ಟಾರ್ಗೆಟ್ ಕಡೆಗಿಟ್ಟು ಕಾಯೋದು.

‘ಢಂ’ ಅನ್ನೋ ಬದಲು ‘ಪುಸ್’ ಅಂದ್ರೆ, ಭುಜಕ್ಕೆ ಒದೆತವೂ ಕಡಿಮೆ ಅನ್ನಿಸಿದ್ರೆ, ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರಲ್ ನಡುವೆಯೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದ್ರೆ ಬ್ಯಾರಲ್ ಸಿಡಿಯುತ್ತೆ. ಇಲ್ಲಿ ‘ಇನ್ನೊಂದ್ಸಲ ಟ್ರೈ ಮಾಡೋಣ’ ಅನ್ನೋ ಮಾತೇ ಇಲ್ಲ. ರೈಫಲ್ ಖಾಲಿ ಮಾಡಿ, ಆರ್ಮರರ್ ಬ್ಯಾರಲ್ ಪರೀಕ್ಷಿಸಬೇಕು.

ನಾಲ್ಕು ದೃಶ್ಯ, ನಾಲ್ಕು ಕಾರಣ

ಇದೆರಡೂ ಅಲ್ಲ ಅಂತಾದ ಮೇಲೆ ಕೇಸ್ ಹೊರಬೀಳೋ ಕಿಂಡಿ ಕಡೆ ಕಣ್ಣು ಹಾಯಿಸಿ. ಬೋಲ್ಟ್ ಎಲ್ಲಿ ನಿಂತಿದೆ ಅನ್ನೋದೇ ಅರ್ಧ ಉತ್ತರ ಹೇಳುತ್ತೆ.

ಮೊದಲನೇ ದೃಶ್ಯ: ಬೋಲ್ಟ್ ಪೂರ್ತಿ ಮುಂದೆ ಇದೆ, ಚೇಂಬರ್ ಖಾಲಿ, ಮ್ಯಾಗಜಿನ್‌ನಲ್ಲಿ ಮಾತ್ರ ತೋಟಾ ಇದೆ. ಮೊದಲ ಗುಂಡಿಗೇ ಹೀಗಾದ್ರೆ ಮ್ಯಾಗಜಿನ್ ಸರಿಯಾಗಿ ಕೂತಿಲ್ಲ ಅಂತಲೇ ಲೆಕ್ಕ. ಎಸ್‌ಎಲ್‌ಆರ್‌ನಲ್ಲಿ ಮ್ಯಾಗಜಿನ್‌ನ ಮುಂದಿನ ಅಂಚನ್ನು ಮೊದಲು ಸಿಕ್ಕಿಸಿ, ಹಿಂದಿನ ಭಾಗವನ್ನು ಮೇಲಕ್ಕೆ ತಂದು ‘ಕ್ಲಿಕ್’ ಅನ್ನೋವರೆಗೆ ಕೂರಿಸಬೇಕು. ಕೂರಿಸಿದ ಮೇಲೆ ಕೆಳಕ್ಕೆ ಎಳೆದು ನೋಡಿ. ಕೈಗೆ ಬಂದ್ರೆ ಅದು ಕೂತಿರಲೇ ಇಲ್ಲ. ಮೊದಲೆಲ್ಲ ಚೆನ್ನಾಗಿ ಹಾರಿ ನಡುವೆ ಹೀಗಾದ್ರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗಿಲ್ಲ, ಇಲ್ಲವೇ ಮ್ಯಾಗಜಿನ್ ಸ್ಪ್ರಿಂಗ್ ತೋಟಾವನ್ನು ಸಮಯಕ್ಕೆ ಮೇಲೆ ತಳ್ಳಿಲ್ಲ.

ಎರಡನೇ ದೃಶ್ಯ: ಬೋಲ್ಟ್ ಅರ್ಧದಲ್ಲಿ ನಿಂತಿದೆ, ತೋಟಾದ ಮೂತಿ ಚೇಂಬರ್ ಬಾಯಿಗೆ ಅಡ್ಡ ತಗುಲಿಕೊಂಡಿದೆ. ಇಲ್ಲಿ ಅನುಮಾನ ಮ್ಯಾಗಜಿನ್‌ನ ತುಟಿಗಳ ಮೇಲೆ. ತೋಟಾವನ್ನು ಹಿಡಿದಿಡೋ ಆ ಎರಡು ತಗಡಿನ ಅಂಚು ಒಮ್ಮೆ ನೆಲಕ್ಕೆ ಬಿದ್ದು ಬಾಗಿದ್ರೂ ಸಾಕು, ತೋಟಾ ಬರೋ ಕೋನವೇ ಬದಲಾಗುತ್ತೆ. ಹಾಗೇ ತೋಟಾವನ್ನೂ ನೋಡಿ. ನೆಗ್ಗಿದೆಯಾ? ಗುಂಡು ಕೇಸಿನೊಳಕ್ಕೆ ಕುಸಿದಿದೆಯಾ? ಅಂಥದ್ದನ್ನು ಮತ್ತೆ ತುಂಬಬಾರದು.

ಮೂರನೇ ದೃಶ್ಯ: ಬೋಲ್ಟ್ ಇನ್ನೇನು ಮುಚ್ಚಿತು ಅನ್ನೋವಾಗ ನಿಂತಿದೆ. ಚೇಂಬರಿನಲ್ಲಿ ಕೊಳೆ, ಒಣಗಿದ ಎಣ್ಣೆ, ಉಬ್ಬಿದ ತೋಟಾ, ಸೋತ ಸ್ಪ್ರಿಂಗ್, ಇವುಗಳಲ್ಲಿ ಒಂದು ಕಾರಣ. ಇಲ್ಲಿ ಗುದ್ದಿ ಮುಚ್ಚೋಕೆ ಹೋಗಬೇಡಿ. ತಾನಾಗಿ ಹೋಗದ ತೋಟಾವನ್ನು ಬಲವಂತವಾಗಿ ನೂಕಿದ್ರೆ ಸಣ್ಣ ತೊಂದರೆ ದೊಡ್ಡದಾಗುತ್ತೆ.

ನಾಲ್ಕನೇ ದೃಶ್ಯ: ಎರಡು ವಸ್ತು ಒಂದೇ ಜಾಗಕ್ಕೆ ನುಗ್ಗಿವೆ. ಹಳೇ ಕೇಸ್ ಚೇಂಬರ್ ಬಿಟ್ಟು ಬಂದೇ ಇಲ್ಲ, ಅದರ ಹಿಂದೆ ಹೊಸ ತೋಟಾ ಬಂದು ಗುದ್ದಿದೆ. ಇಲ್ಲಾಂದ್ರೆ ಎರಡು ತೋಟಾ ಒಟ್ಟಿಗೇ ಬಂದಿವೆ. ನೋಡೋಕೆ ಫೀಡಿಂಗ್ ತೊಂದರೆ, ಆದ್ರೆ ಕೇಸ್ ಒಳಗೇ ಉಳಿದಿದ್ರೆ ಮೂಲ ಇರೋದು ಕೇಸ್ ಹೊರಗೆ ಬರದಿರೋದರಲ್ಲಿ. ಕೇಸನ್ನು ಹಿಡಿದೆಳೆಯೋ ಕೊಕ್ಕೆ ಸವೆದಿರಬಹುದು, ಚೇಂಬರ್ ಕೊಳಕಾಗಿರಬಹುದು.

ಬಿಡಿಸೋ ಕ್ರಮ

ನಾಲ್ಕಕ್ಕೂ ಒಂದೇ ಕ್ರಮ ಸಾಕು. ಕಾಕಿಂಗ್ ಹ್ಯಾಂಡಲ್ ಪೂರ್ತಿ ಹಿಂದಕ್ಕೆ ಎಳೆದು ಬೋಲ್ಟನ್ನು ಅಲ್ಲೇ ತಡೆದು ನಿಲ್ಲಿಸಿ. ಆಮೇಲೆ ಮ್ಯಾಗಜಿನ್ ತೆಗೀರಿ. ಈ ಅನುಕ್ರಮಕ್ಕೆ ಕಾರಣ ಇದೆ: ಬೋಲ್ಟ್ ಒತ್ತಡ ಇನ್ನೂ ಇರುವಾಗ ಸಿಕ್ಕಿದ ತೋಟಾ ಮ್ಯಾಗಜಿನ್ನನ್ನೂ ಹಿಡಿದಿಟ್ಟಿರುತ್ತೆ, ಎಷ್ಟು ಎಳೆದರೂ ಬರೋದಿಲ್ಲ. ಒತ್ತಡ ಬಿಟ್ಟ ಮೇಲೆ ರೈಫಲನ್ನು ಸ್ವಲ್ಪ ವಾಲಿಸಿ ಅಲುಗಿಸಿದರೆ ಬಿಡಿಯಾಗಿರೋದು ಕೆಳಗೆ ಬೀಳುತ್ತೆ. ಚೇಂಬರನ್ನು ಕಣ್ಣಿಂದ ನೋಡಿ. ಖಾಲಿ ಅಂತ ಖಾತ್ರಿಯಾದ ಮೇಲೆ ಬೋಲ್ಟ್ ಮುಂದೆ ಬಿಡಿ, ಬೇರೆ ಮ್ಯಾಗಜಿನ್ ಹಾಕಿ, ಹೊಸದಾಗಿ ತುಂಬಿ.

ಎನ್‌ಸಿಸಿಯಲ್ಲಿ ‘ಖಾಲಿ ಕರ್’ ಅನ್ನೋ ಆಜ್ಞೆ ಕೇಳಿದ್ದೀರಲ್ಲ, ಅಲ್ಲೂ ಇದೇ ಎಚ್ಚರ. ಒಂದೇ ವ್ಯತ್ಯಾಸ, ಅಲ್ಲಿ ಮೊದಲು ಮ್ಯಾಗಜಿನ್ ಹೊರಗೆ ಬರಬೇಕು. ಮ್ಯಾಗಜಿನ್ ಒಳಗಿಟ್ಟು ಬೋಲ್ಟ್ ಮುಂದೆ ಬಿಟ್ಟರೆ ಹೊಸ ತೋಟಾ ಚೇಂಬರಿಗೆ ಹೋಗಿ ಕೂರುತ್ತೆ.

ರೋಗ ಯಾರದ್ದು?

ಬಿಡಿಸಿದ್ದಾಯ್ತು. ಮತ್ತೆ ಆಗದಿರೋಕೆ ಏನು ಮಾಡೋದು? ಫೋನ್ ಚಾರ್ಜ್ ಆಗ್ತಿಲ್ಲ ಅಂದ್ರೆ ಏನು ಮಾಡ್ತೀರಿ? ಮೊದಲು ಕೇಬಲ್ ಬದಲಿಸಿ ನೋಡ್ತೀರಿ, ಆಮೇಲೆ ಅಡಾಪ್ಟರ್, ಕೊನೆಗೆ ಫೋನ್. ಇಲ್ಲೂ ಅದೇ ಲೆಕ್ಕ.

ಪ್ರತಿ ಮ್ಯಾಗಜಿನ್‌ಗೂ ಒಂದು ನಂಬರ್ ಬರೀರಿ. ತೊಂದರೆ 3ನೇ ಮ್ಯಾಗಜಿನ್‌ನಲ್ಲಿ ಮಾತ್ರ ಬಂದು, ಅದೇ ಮ್ಯಾಗಜಿನ್ ಪಕ್ಕದವರ ರೈಫಲ್‌ನಲ್ಲೂ ಕೈಕೊಟ್ಟರೆ ತಪ್ಪು ಮ್ಯಾಗಜಿನ್ನಿನದು. ಎಲ್ಲ ಮ್ಯಾಗಜಿನ್‌ನಲ್ಲೂ ಬಂದ್ರೆ ರೈಫಲ್ಲಿನದು. ತೋಟಾ ಪೆಟ್ಟಿಗೆ ಬದಲಾದ ದಿನದಿಂದ ಶುರುವಾಗಿದ್ರೆ ತೋಟಾದ್ದು.

ರೈಫಲ್ಲಿನದೇ ಅಂತಾದ್ರೆ ಖಾಲಿ ಕೇಸ್ ಎಲ್ಲಿ ಬೀಳ್ತಿದೆ ನೋಡಿ. ದೂರ ಹಾರೋ ಬದಲು ಕಾಲ ಬುಡದಲ್ಲಿ ಸೋತು ಬೀಳ್ತಿದ್ರೆ ಬೋಲ್ಟ್‌ಗೆ ಬಲ ಸಾಲ್ತಿಲ್ಲ ಅಂತ ಅರ್ಥ. ಎಸ್‌ಎಲ್‌ಆರ್‌ನಲ್ಲಿ ಇದಕ್ಕೇ ಗ್ಯಾಸ್ ರೆಗ್ಯುಲೇಟರ್ ಇದೆ. ಪಿಸ್ಟನ್‌ಗೆ ಎಷ್ಟು ಅನಿಲ ಹೋಗಬೇಕು, ಎಷ್ಟು ಹೊರಗೆ ಸೋರಿ ಹೋಗಬೇಕು ಅಂತ ಅದು ತೀರ್ಮಾನಿಸುತ್ತೆ. ರೈಫಲ್ ಕೊಳೆಯಾದಷ್ಟೂ ಹೆಚ್ಚು ಅನಿಲ ಬೇಕು. ಹಾಗಂತ ಸದಾ ಹೆಚ್ಚಿಟ್ಟರೆ ಬೋಲ್ಟ್ ಅತಿ ವೇಗದಲ್ಲಿ ಹಿಂದಕ್ಕೆ ಬಡಿದು ಭಾಗಗಳು ಬೇಗ ಸವೆಯುತ್ತವೆ. ಕಡಿಮೆ ಅನಿಲದಿಂದ ಶುರು ಮಾಡಿ, ಕೇಸ್ ಸರಿಯಾಗಿ ಹೊರಬಿದ್ದು ಮುಂದಿನ ತೋಟಾ ತಪ್ಪದೆ ತುಂಬೋ ಹಂತಕ್ಕೆ ತಂದು, ಅಲ್ಲಿಂದ ಸ್ವಲ್ಪ ಮುಂದೆ ನಿಲ್ಲಿಸೋದು ಪದ್ಧತಿ. ಆದ್ರೆ ಮೊದಲು ಶುಚಿ ಮಾಡಿ, ಆಮೇಲೆ ರೆಗ್ಯುಲೇಟರ್ ಮುಟ್ಟಿ. ಕೊಳೆಯನ್ನು ಅನಿಲದಿಂದ ಗೆಲ್ಲೋಕೆ ಹೋದ್ರೆ ಅದು ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

ಸೈನಿಕನ ತಪ್ಪೋ, ರೈಫಲ್ಲಿನ ತಪ್ಪೋ?

ರೈಫಲ್ ನಿಂತರೆ ಮೊದಲ ಬೈಗುಳ ಬೀಳೋದು ಅದನ್ನು ಹಿಡಿದವನಿಗೆ: ‘ಕ್ಲೀನ್ ಮಾಡಿಲ್ಲ ನೀನು’. ಎಷ್ಟೋ ಸಲ ನಿಜ ಇರಬಹುದು. ಇತಿಹಾಸ ಮಾತ್ರ ಬೇರೆ ಕಥೆಯನ್ನೂ ಹೇಳುತ್ತೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಎಂ16 ರೈಫಲ್ ಕೊಟ್ಟರು. ಇದಕ್ಕೆ ಶುಚಿ ಮಾಡೋ ಗೋಜು ಕಡಿಮೆ ಅನ್ನೋ ಮಾತು ಹರಡಿತ್ತು, ಶುಚಿ ಮಾಡೋ ಸಾಮಾನೂ ಸಾಕಷ್ಟು ಕೊಡಲಿಲ್ಲ. ತೋಟಾದೊಳಗಿನ ಮದ್ದಿನ ಬಗೆಯನ್ನೂ ಬದಲಿಸಿದ್ದರು. ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ. ಕೇಸುಗಳು ಚೇಂಬರಿನಲ್ಲೇ ಕಚ್ಚಿಕೊಂಡವು. ಗುಂಡಿನ ಸುರಿಮಳೆ ನಡುವೆ ಸೈನಿಕರು ಬ್ಯಾರಲ್ ಬಾಯಿಂದ ಕಡ್ಡಿ ತೂರಿಸಿ ಕೇಸನ್ನು ಹಿಂದಕ್ಕೆ ತಳ್ಳಬೇಕಾಯ್ತು. ಅವರು ಮನೆಗೆ ಬರೆದ ಪತ್ರಗಳು ಪತ್ರಿಕೆಗಳಿಗೆ ತಲುಪಿದವು. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ, ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯಲ್ಲಿ, ತನಿಖೆ ನಡೆಸಿ ಸೇನೆಯ ನಿರ್ಧಾರಗಳನ್ನು ಕಟುವಾಗಿ ಟೀಕಿಸಿತು. ಆಮೇಲೆ ಚೇಂಬರಿಗೆ ಕ್ರೋಮ್ ಬಂತು, ಶುಚಿ ಮಾಡೋ ಕಿಟ್ ಬಂತು. ರೈಫಲ್ ನೋಡಿಕೊಳ್ಳೋದು ಹೇಗೆ ಅಂತ ಪ್ರಸಿದ್ಧ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಚಿತ್ರ ಬರೆದ ಕೈಪಿಡಿಯನ್ನೂ ಹಂಚಿದರು.

ನಮ್ಮಲ್ಲೂ ಅಂಥದ್ದೇ ಪಾಠ ಇದೆ. ಎಸ್‌ಎಲ್‌ಆರ್ ನಂತರ ಬಂದ ಇನ್ಸಾಸ್ ರೈಫಲ್ 1999ರ ಕಾರ್ಗಿಲ್ ಯುದ್ಧದಲ್ಲಿ ಜವಾನರ ಕೈಲಿತ್ತು. ಒಳಗೆಷ್ಟು ತೋಟಾ ಉಳಿದಿದೆ ಅಂತ ಕಾಣಲಿ ಎಂದು ಅದರ ಮ್ಯಾಗಜಿನ್ನನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದರು. ಹಿಮಾಲಯದ ಕೊರೆಯೋ ಚಳಿಯಲ್ಲಿ ಆ ಮ್ಯಾಗಜಿನ್‌ಗಳು ಬಿರುಕು ಬಿಟ್ಟ, ರೈಫಲ್ ಜಾಮ್ ಆದ ದೂರುಗಳು ಬಂದವು. ಬಿರುಕು ಬಿಟ್ಟ ಮ್ಯಾಗಜಿನ್‌ಗೆ ತೋಟಾವನ್ನು ಸರಿಯಾದ ಕೋನದಲ್ಲಿ ಹಿಡಿಯೋಕೆ ಆಗೋದಿಲ್ಲ. ಅಲ್ಲಿ ಜವಾನ ಎಷ್ಟು ಉಜ್ಜಿ ತೊಳೆದಿದ್ರೂ ಏನು ಪ್ರಯೋಜನ?

ಹಾಗಾಗಿ ಪತ್ತೆ ಹಚ್ಚೋದು ಅಂದ್ರೆ ಬರೀ ರೈಫಲ್ ಮತ್ತೆ ಓಡೋ ಹಾಗೆ ಮಾಡೋದಲ್ಲ. ಯಾವ ಮ್ಯಾಗಜಿನ್, ಯಾವ ತೋಟಾ, ಎಷ್ಟನೇ ಗುಂಡು, ಬೋಲ್ಟ್ ಎಲ್ಲಿ ನಿಂತಿತ್ತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕೆಟ್ಟ ಮ್ಯಾಗಜಿನ್ನನ್ನು ಮತ್ತೆ ರಾಶಿಗೆ ಹಾಕದೆ ಗುರುತು ಮಾಡಿ ಆರ್ಮರರ್ ಕೈಗೆ ಕೊಡಿ. ನೀವು ಸುಮ್ಮನೆ ವಾಪಸ್ ಇಟ್ಟರೆ ನಾಳೆ ಅದು ಇನ್ಯಾರದೋ ರೈಫಲ್‌ಗೆ ಹೋಗುತ್ತೆ. ಇವತ್ತು ನಿಮಗೆ ರೇಂಜ್‌ನಲ್ಲಿ ಒಂದು ಗುಂಡು ತಪ್ಪಿತು, ಅಷ್ಟೇ. ಅವರಿಗೆ ಅದು ರೇಂಜ್ ಆಗಿರಲಿಕ್ಕಿಲ್ಲ.

ಪ್ರಶ್ನೆ ಇದ್ರೆ ಕಳಿಸಿ. ಎನ್‌ಸಿಸಿ ಕ್ಯಾಂಪಿಗೆ ಹೊರಟಿರೋ ಗೆಳೆಯರಿದ್ರೆ ಅವರಿಗೂ ಈ ಸಂಚಿಕೆ ಕೇಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.