ಎಲುಬು ನುಡಿದ ವಂಶಾವಳಿ

1538ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ಲನ ಆಡಳಿತದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾರ್ಯಗಳು ನಡೆದುವು. ದೇಶದ ಪ್ರತಿಯೊಂದು ಇಗರ್ಜಿಯೂ ತನ್ನ ಎಲ್ಲೆಯೊಳಗೆ ನಡೆಯುವ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಆಜ್ಞೆ ಹೊರಟದ್ದು ಒಂದು. ಸಂನ್ಯಾಸಿಮಠಗಳನ್ನು ಮುಚ್ಚಿ ಆಸ್ತಿಯನ್ನು ಅರಸನ ವಶಮಾಡುವ ಕೆಲಸದ ಸರದಿಯಲ್ಲಿ ಲೆಸ್ಟರ್ ನಗರದ ಗ್ರೇಫ್ರೈಯರ್ಸ್ ಮಠವು ಹಾಳಾದದ್ದು ಇನ್ನೊಂದು. ಮೊದಲನೆಯದರಿಂದ ಸಾಮಾನ್ಯ ಜನರ ಹುಟ್ಟುಸಾವುಗಳಿಗೂ ಲಿಖಿತಸಾಕ್ಷ್ಯವೊಂದು ಉಂಟಾಯಿತು. ಎರಡನೆಯದರಿಂದ ಒಬ್ಬ ರಾಜನ ಗೋರಿಯೇ ಕಾಣೆಯಾಯಿತು.

ಆ ರಾಜನು ಮೂರನೆಯ ರಿಚರ್ಡ್. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಮಡಿದಾಗ ಆತನಿಗೆ ವಯಸ್ಸು 32. ಸಿಂಹಾಸನವೇರಿ ಎರಡು ವರ್ಷ ಕಳೆದು ಕೆಲವೇ ವಾರಗಳಾಗಿದ್ದುವು. ಗೆದ್ದ ಹೆನ್ರಿ ಟ್ಯೂಡರನ ಕಡೆಯವರು ಶವವನ್ನು ಲೆಸ್ಟರಿಗೆ ಒಯ್ದು ಜನರ ಕಣ್ಣಿಗೆ ಬೀಳುವಂತೆ ಇರಿಸಿದ ಮೇಲೆ, ಅದನ್ನು ಮೇಲೆ ಹೇಳಿದ ಮಠದಲ್ಲಿ ಮಣ್ಣುಮಾಡಲಾಯಿತು. ಮಠವು ಬಿದ್ದುಹೋದ ಬಳಿಕ ಎಲುಬುಗಳನ್ನು ಸೋರ್ ನದಿಗೆ ಎಸೆದರೆಂಬ ವದಂತಿ ಹುಟ್ಟಿ, ವದಂತಿಗಳಿಗೆ ಸಹಜವಾದ ದೀರ್ಘಾಯುಸ್ಸನ್ನು ಪಡೆಯಿತು. 2012ರ ಆಗಸ್ಟ್ 25ರಂದು ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಕಾರುಗಳನ್ನು ನಿಲ್ಲಿಸುವ ಒಂದು ಅಂಗಳದ ಡಾಂಬರನ್ನು ಕಿತ್ತು ಅಗೆದಾಗ, ಮೊದಲನೆಯ ದಿನವೇ ಕಾಲಿನ ಎಲುಬುಗಳು ಕಂಡುವು.

ಗುಂಡಿಯು ಶವದ ಅಳತೆಗೆ ಚಿಕ್ಕದಾಗಿತ್ತು. ಅದರಿಂದಾಗಿ ತಲೆಯು ಒಂದು ಬದಿಗೆ ವಾಲಿ, ಮಣ್ಣಿನ ಗೋಡೆಗೆ ಒರಗಿಕೊಂಡಿತ್ತು. ಪೆಟ್ಟಿಗೆಯ ಕುರುಹಿಲ್ಲ. ಮಣಿಕಟ್ಟುಗಳು ಒಂದರ ಮೇಲೊಂದು ಬಿದ್ದಿದ್ದುವು, ಬಹುಶಃ ಕೈಗಳನ್ನು ಕಟ್ಟಿದ್ದಿರಬೇಕು. ಪಾದಗಳು ಇರಲಿಲ್ಲ. ಸಾಯುವ ಹೊತ್ತಿಗೆ ಆದ 11 ಗಾಯಗಳ ಗುರುತುಗಳಿದ್ದು, ಅವುಗಳಲ್ಲಿ 9 ತಲೆಬುರುಡೆಯ ಮೇಲಿನವು. ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದಿತಾದರೂ ಷೇಕ್ಸ್‌ಪಿಯರನ ನಾಟಕದ ಗೂನು ಎಲ್ಲಿಯೂ ಕಾಣಲಿಲ್ಲ. ಒಂದು ಹೆಗಲು ಇನ್ನೊಂದಕ್ಕಿಂತ ಮೇಲೆದ್ದಿದ್ದಿರಬಹುದು, ಅಷ್ಟೆ. ಇವೆಲ್ಲವೂ ರಿಚರ್ಡನಿಗೆ ಹೊಂದುವಂಥವಾದರೂ, ಬೆನ್ನು ಬಾಗಿದ ಮತ್ತೊಬ್ಬ ಯೋಧನಿಗೂ ಹೊಂದಬಹುದಾದವು. ಆದಕಾರಣ ಹಲ್ಲು ಮತ್ತು ತೊಡೆಯೆಲುಬುಗಳ ಪುಡಿಯಿಂದ ಡಿ.ಎನ್.ಎ.ಯನ್ನು ತೆಗೆದು ನೋಡುವ ಕಾರ್ಯವು ಟೂರಿ ಕಿಂಗ್ ಎಂಬ ತಳಿವಿಜ್ಞಾನಿಯ ಪಾಲಿಗೆ ಬಂತು.

ನಮ್ಮ ಡಿ.ಎನ್.ಎ.ಯ ಬಹುಭಾಗವು ಪ್ರತಿ ತಲೆಮಾರಿನಲ್ಲಿಯೂ ತಂದೆಯದರ್ಧ ತಾಯಿಯದರ್ಧವಾಗಿ ಬೆರೆತು ಹಂಚಿಹೋಗುವುದರಿಂದ, ಹತ್ತು ತಲೆಮಾರುಗಳ ಹಿಂದಿನ 1,024 ಪೂರ್ವಜರಲ್ಲಿ ಅನೇಕರದು ನಮ್ಮಲ್ಲಿ ಒಂದು ತುಣುಕೂ ಉಳಿದಿರುವುದಿಲ್ಲ. ಐದು ಶತಮಾನಗಳಾಚೆಯ ಸಂಬಂಧವನ್ನು ಸಾಧಿಸಲು ಬೆರೆಯದೆ ಸಾಗಿಬರುವ ಅಂಶವೇ ಬೇಕು. ಅಂಥವು ಎರಡುಂಟು. ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ವರ್ಣತಂತು ಒಂದು. ಕೋಶಕೇಂದ್ರದ ಹೊರಗೆ ಮೈಟೊಕಾಂಡ್ರಿಯಗಳಲ್ಲಿ ನೆಲಸಿ, ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದು, ಹೆಣ್ಣುಮಕ್ಕಳಿಂದ ಮಾತ್ರ ಮುಂದಕ್ಕೆ ಹರಿಯುವ ಸುಮಾರು 16,569 ಅಕ್ಷರಗಳ ಕಿರಿದಾದ ಸುರುಳಿ ಇನ್ನೊಂದು. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನು ಎಲ್ಲಿಯೋ ಒಮ್ಮೆ ಕೈತಪ್ಪಿ ಬರೆದ ಅಕ್ಷರವು ಮುಂದಿನ ಪ್ರತಿಗಳಲ್ಲೆಲ್ಲ ಹಾಗೆಯೇ ಇಳಿದುಬರುವಂತೆ, ಇವುಗಳಲ್ಲಿ ಅಪರೂಪಕ್ಕೆ ತಲೆದೋರುವ ವ್ಯತ್ಯಾಸಗಳೂ ಸಂತತಿಯುದ್ದಕ್ಕೂ ಉಳಿಯುತ್ತವೆ.

ರಿಚರ್ಡನ ಸಂತಾನವು ಉಳಿಯಲಿಲ್ಲ. ಆದರೆ ಅಕ್ಕ ಆ್ಯನ್‌ಳಲ್ಲಿಯೂ ಅದೇ ತಾಯಿಯ ಸುರುಳಿ ಇದ್ದಿತು. ಅವಳ ಮಗಳು, ಮಗಳ ಮಗಳು, ಎಂದು ಹೆಣ್ಣಿನಿಂದ ಹೆಣ್ಣಿಗೆ ಇಂದಿನವರೆಗೆ ಇಳಿದುಬರುವುದು ಹೇಳಿದಷ್ಟು ಸುಲಭವಲ್ಲ. ರಾಜರ ಚರಿತ್ರೆಯನ್ನು ಬರೆದವರು ಗಂಡುಮಕ್ಕಳನ್ನು ಎಣಿಸಿದರು. ಹೆಣ್ಣು ಮದುವೆಯಾದೊಡನೆ ಮನೆತನದ ಹೆಸರನ್ನು ಕಳೆದುಕೊಂಡು ಬೇರೊಂದು ಮನೆಯ ಪುಸ್ತಕದೊಳಗೆ ಮರೆಯಾಗುತ್ತಾಳೆ. ಪ್ರತಿ ತಲೆಮಾರಿನಲ್ಲಿಯೂ ಇಗರ್ಜಿಯ ಪುಸ್ತಕ, ಉಯಿಲು, ವಿವಾಹಪತ್ರ, ಜನಗಣತಿಗಳಲ್ಲಿ ಅವಳನ್ನು ಹೊಸ ಹೆಸರಿನಲ್ಲಿ ಮತ್ತೆ ಹುಡುಕಬೇಕು. ಇತಿಹಾಸಕಾರ ಜಾನ್ ಆ್ಯಷ್‌ಡೌನ್-ಹಿಲ್ ಈ ಶೋಧವನ್ನು ಉತ್ಖನನಕ್ಕೆ ಎಷ್ಟೋ ಮುಂಚೆಯೇ ನಡೆಸಿ ಕೆನಡಾದಲ್ಲಿದ್ದ ಒಂದು ಕುಟುಂಬವನ್ನು ತಲಪಿದ್ದನು. ಲೆಸ್ಟರಿನ ವಿದ್ವಾಂಸ ಕೆವಿನ್ ಷೂರರ್ ಅದನ್ನು ದಾಖಲೆಗಳೊಡನೆ ಪುನಃ ತಾಳೆನೋಡಿ, ಇನ್ನೊಂದು ಕವಲನ್ನೂ ಕಂಡುಹಿಡಿದನು. ಹೀಗೆ ದೊರೆತ ಇಬ್ಬರು ರಿಚರ್ಡನಿಂದ 19 ಮತ್ತು 21 ತಲೆಮಾರಿನ ಮೆಟ್ಟಿಲುಗಳಷ್ಟು ದೂರದವರು. ಒಬ್ಬರ ಸುರುಳಿಯು ಅಸ್ಥಿಯ ಸುರುಳಿಯೊಡನೆ ಪೂರ್ಣವಾಗಿ ಹೊಂದಿತು, ಇನ್ನೊಬ್ಬರದರಲ್ಲಿ ಒಂದೇ ಒಂದು ಅಕ್ಷರ ಬೇರೆ. ಇತರ ಸಾಕ್ಷ್ಯಗಳನ್ನೂ ಕೂಡಿಸಿ ಲೆಕ್ಕಹಾಕಿದಾಗ ಅಸ್ಥಿಯು ರಿಚರ್ಡನದೇ ಎಂಬ ಸಂಭಾವ್ಯತೆಯು ಶೇಕಡ 99.999ಕ್ಕೂ ಮಿಗಿಲಾಯಿತು.

ತಂದೆಯ ಕಡೆಯ ವಂಶಾವಳಿಯನ್ನಾದರೋ ಯಾರೂ ಹುಡುಕಬೇಕಾಗಿರಲಿಲ್ಲ. ಅಚ್ಚಾದ ಗ್ರಂಥಗಳಲ್ಲಿಯೇ ಅದು ಇದ್ದಿತು. ರಿಚರ್ಡನಿಂದ ಮೇಲಕ್ಕೆ ನಾಲ್ಕು ಮೆಟ್ಟಿಲೇರಿದರೆ ಮೂರನೆಯ ಎಡ್ವರ್ಡ್. ಅಲ್ಲಿಂದ ಆತನ ಇನ್ನೊಬ್ಬ ಮಗ ಗಾಂಟಿನ ಜಾನನ ಮೂಲಕ ಹದಿನೈದು ಮೆಟ್ಟಿಲಿಳಿದರೆ 1803ರಲ್ಲಿ ತೀರಿಕೊಂಡ ಬೋಫರ್ಟಿನ ಐದನೆಯ ಡ್ಯೂಕ್. ಈತನ ಪುರುಷಸಂತತಿಯವರೆಂದು ದಾಖಲೆಯಿರುವ ಐವರ ರಕ್ತಸಂಬಂಧವನ್ನು ಪರೀಕ್ಷಿಸಿದಾಗ, ನಾಲ್ವರ ವೈ ವರ್ಣತಂತುಗಳು ಪರಸ್ಪರ ಹೊಂದಿದುವು. ಐದನೆಯವರದು ಅವರಿಗೂ ಹೊಂದಲಿಲ್ಲ. ರಿಚರ್ಡನದು ಯಾರೊಬ್ಬರಿಗೂ ಹೊಂದಲಿಲ್ಲ. ಎಂದರೆ ಆ 19 ಮೆಟ್ಟಿಲುಗಳ ನಡುವೆ ಎಲ್ಲಿಯೋ ಒಂದು ಕಡೆಯಾದರೂ, ಪುಸ್ತಕದಲ್ಲಿ ತಂದೆಯೆಂದು ಬರೆದಿರುವವನು ಜನಕನಲ್ಲ. ಇದು ಆಶ್ಚರ್ಯಪಡತಕ್ಕ ಸಂಗತಿಯೇನಲ್ಲ. ತಲೆಮಾರೊಂದಕ್ಕೆ ಶೇಕಡ ಒಂದೆರಡರಷ್ಟು ಇಂಥ ಪ್ರಸಂಗಗಳನ್ನು ವಿದ್ವಾಂಸರು ಒಪ್ಪುತ್ತಾರೆ. ಆ ಲೆಕ್ಕದಲ್ಲಿ 19 ಮೆಟ್ಟಿಲುಗಳಲ್ಲಿ ಒಮ್ಮೆಯಾದರೂ ಕೊಂಡಿ ಕಳಚುವ ಸಂಭವವು ಆರರಲ್ಲೊಂದರಿಂದ ಮೂರರಲ್ಲೊಂದರವರೆಗೆ ಬರುತ್ತದೆ. ಕಳಚಿದ್ದು ಜಾನನ ಹುಟ್ಟಿನಲ್ಲಾದರೆ ಆತನ ಮಗ ನಾಲ್ಕನೆಯ ಹೆನ್ರಿಯಿಂದ ಮೊದಲಾದ ದೊರೆಗಳ ಹಕ್ಕಿಗೆ ಸೋಂಕುತ್ತದೆ; ತೀರ ಕೆಳಗಿನ ಮೆಟ್ಟಿಲುಗಳಲ್ಲಾದರೆ ಡ್ಯೂಕರ ಮನೆವಾರ್ತೆಯಷ್ಟೆ. ಎಲ್ಲಿ ಎಂಬುದನ್ನು ಈ ಐವರ ಪರೀಕ್ಷೆಯಿಂದ ಹೇಳಲಾಗದು. ಪಾಂಡು ಧೃತರಾಷ್ಟ್ರರು ವ್ಯಾಸರಿಂದ ಹುಟ್ಟಿಯೂ ವಿಚಿತ್ರವೀರ್ಯನ ಮಕ್ಕಳೆನಿಸಿ ಕುರುವಂಶವನ್ನು ಬೆಳಗಿದ ಕಥೆಯನ್ನು ಬಾಲ್ಯದಿಂದ ಕೇಳಿಬಂದ ನಮಗೆ, ಇಂಗ್ಲೆಂಡಿನ ಪತ್ರಿಕೆಗಳು ಈ ವಿಷಯಕ್ಕೆ ಮಾಡಿದ ಗದ್ದಲವು ಸ್ವಲ್ಪ ಅತಿಯೆಂದೇ ತೋರೀತು.

ಇಂಥ ಪರೀಕ್ಷೆಯು ರಾಜರಿಗಷ್ಟೇ ಅಲ್ಲ; ಈಗ ಅಂಚೆಯಲ್ಲಿ ಬರುವ ಕೊಳವೆಯೊಳಗೆ ಉಗುಳಿ ಕಳುಹಿಸಿದವರಿಗೆ ದೂರದ ದಾಯಾದಿಗಳ ಪಟ್ಟಿಯನ್ನೇ ಒದಗಿಸುವ ವ್ಯಾಪಾರಿಗಳಿದ್ದಾರೆ. ಹಂಚಿಕೊಂಡ ತುಣುಕುಗಳ ಉದ್ದವನ್ನಳೆದು ಸಂಬಂಧವನ್ನು ಊಹಿಸುವ ಈ ಲೆಕ್ಕವು, ಒಂದೇ ಜಾತಿಯೊಳಗೆ ಶತಮಾನಗಳಿಂದ ಕೊಟ್ಟುತಂದು, ಅದರ ಮೇಲೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣುಕೊಡುವ ನಮ್ಮ ಕಡೆಯವರಿಗೆ ಹಾಗೆಯೇ ಸಲ್ಲದು. ಅಂಥ ಮನೆಗಳಲ್ಲಿ ಒಬ್ಬಳೇ ಅಜ್ಜಿಯು ವಂಶವೃಕ್ಷದ ಎರಡು ಕಡೆ ಕುಳಿತಿರುವುದರಿಂದ, ಎಷ್ಟೋ ದೂರದವರೂ ಪಟ್ಟಿಯಲ್ಲಿ ಹತ್ತಿರದವರಾಗಿ ಕಾಣಿಸಿಕೊಳ್ಳುತ್ತಾರೆ. ಬಯಲುಸೀಮೆಯಲ್ಲಿ ಒಕ್ಕಲುಮನೆಗಳಿಗೆ ಬಂದು ಹಿರಿಯರ ಹೆಸರುಗಳನ್ನೂ ಅವರು ಬಿಟ್ಟುಬಂದ ಊರನ್ನೂ ಒಪ್ಪಿಸುವ ಹೆಳವನ ಮಾತನ್ನು ಕೇಳಿ ಬರೆದಿಟ್ಟುಕೊಂಡಿದ್ದರೆ, ಆ ಪಟ್ಟಿಯನ್ನು ಜರಡಿಹಿಡಿಯಲು ಅದೊಂದು ಆಧಾರವಾದೀತು.

ತಾಯಿಯ ಸುರುಳಿಯ ವಿಷಯದಲ್ಲಿಯಾದರೋ ನಮ್ಮ ತುಳುನಾಡಿನವರಿಗೆ ಇಂಗ್ಲೆಂಡಿನವರ ತೊಡಕಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಬಾಳಿದ ಬಂಟರೇ ಮೊದಲಾದವರಲ್ಲಿ ಬಳಿ ಎಂಬ ಕುಲವು ತಾಯಿಯಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆ ನಿಷಿದ್ಧ, ಹೆಣ್ಣು ಮದುವೆಯಾದರೂ ತನ್ನ ಬಳಿಯನ್ನು ಬಿಡುವುದಿಲ್ಲ. ಕುಟುಂಬದ ಆಸ್ತಿಯ ಪಾಲುಪತ್ರಗಳಲ್ಲಿ ಅಕ್ಕತಂಗಿಯರ ಕವಲುಗಳೇ ಲೆಕ್ಕಕ್ಕೆ ಬರುತ್ತಿದ್ದುದರಿಂದ, ಲೆಸ್ಟರಿನ ವಿದ್ವಾಂಸರು ಒಂದೊಂದು ಉಯಿಲಿನಲ್ಲಿ ಹುಡುಕಬೇಕಾಗಿದ್ದ ಹೆಣ್ಣಿನ ಹೆಸರುಗಳು ಇಲ್ಲಿ ಪತ್ರದ ಮೊದಲ ಪುಟದಲ್ಲಿಯೇ ಸಿಕ್ಕಾವು. ಒಂದೇ ಬಳಿಯವರೆಂದು ಹೇಳಿಕೊಳ್ಳುವ, ಆದರೆ ನೆನಪಿನಲ್ಲಿ ಯಾವ ನೆಂಟಸ್ತನವೂ ಉಳಿಯದ ಎರಡು ಊರಿನ ಮನೆಗಳವರು ತಮ್ಮ ಮೈಟೊಕಾಂಡ್ರಿಯಗಳನ್ನು ಹೋಲಿಸಿ ನೋಡಿದರೆ, ಆ ಬಳಿಯು ಒಬ್ಬ ಮೂಲಮಾತೆಯಿಂದ ಇಳಿದದ್ದೋ, ಅಥವಾ ಬೇರೆಬೇರೆ ಮನೆಗಳು ಕಾಲಾಂತರದಲ್ಲಿ ಬಂದು ಸೇರಿಕೊಂಡು ಆದದ್ದೋ ಎಂಬುದನ್ನು ತಿಳಿಯಲು ಸಾಧ್ಯವಿದೆ.